ಹಿತ್ತಲ ಗುಡ್ಡ ಮತ್ತು ನಮ್ಮ ಮಳೆಯ ಲೆಕ್ಕ

ಹಾನಗಲ್ಲ ಸೀಮೆಯಲ್ಲಿ ಗುಡ್ಡ ಎಲ್ಲಿ ಕುಸಿಯುತ್ತದೆ ಎಂದು ನನ್ನನ್ನು ಕೇಳದವರು ಕಡಿಮೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನನ್ನ ನೌಕರಿ ಯಾವುದೆಂದು ತಿಳಿದ ಕೂಡಲೇ ಜನ ನಗುತ್ತಿದ್ದರು. ಭೂಕುಸಿತವೆಂದರೆ ಅವರ ಕಣ್ಣಿಗೆ ಬರುವುದು ಘಟ್ಟದ ರಸ್ತೆ, ಟಿವಿಯಲ್ಲಿ ತೋರಿಸುವ ಸೀಳಿದ ಬೆಟ್ಟ. ನಮ್ಮ ಕಡೆಯದು ಅಷ್ಟು ದೊಡ್ಡದಲ್ಲ. ಬಂಡೆಯ ಮೇಲೆ ಆಳೆತ್ತರದ ಮಣ್ಣು ಇರುತ್ತದೆ. ಮಳೆನೀರು ಕುಡಿದು ಭಾರವಾಗಿ, ಬಂಡೆಯ ಹಿಡಿತ ತಪ್ಪಿ, ಆ ಮಣ್ಣಷ್ಟೇ ಜಾರುತ್ತದೆ. ಪತ್ರಿಕೆಯವರು ಬರೆಯದಷ್ಟು ಸಣ್ಣದು. ಆದರೆ ಒಂದು ಮನೆ ಮುಚ್ಚಲು ಅಷ್ಟು ಸಾಕು.

ಅದು ಯಾವಾಗ ಜಾರಬಹುದೆಂದು ಮುಂಚಿತವಾಗಿ ಹೇಳುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತಳಾಗಿ ಸವಣೂರಿನಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಕೆಲವೊಮ್ಮೆ ಮನೆಗೆ ಬಂದು, ಏನು ಓದಬೇಕೆಂದು ಕೇಳುತ್ತಾರೆ. ಹೇಳುತ್ತೇನೆ. ಅವರು ಹೋದ ಮೇಲೆ, ಹೇಳಬೇಕಾದದ್ದು ಬೇರೆಯೇ ಇತ್ತು ಅನಿಸುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಡುವಯಸ್ಸಿನಲ್ಲಿ ಈ ಕೆಲಸಕ್ಕೆ ಬಂದಾಗ ನನ್ನ ಮೊದಲ ಮೇಲಧಿಕಾರಿ ಮುನೀರ್ ಸಾಹೇಬರು. ಅವರೂ ಸವಣೂರಿನವರೇ, ಮನೆತನದ್ದು ಎಲೆಬಳ್ಳಿ ತೋಟ. ನಾನು ವೈಷ್ಣವ ಪಂಡಿತರ ಮಗಳು. ಜೀಪಿನಲ್ಲಿ ಹೊರಟರೆ ಡ್ರೈವರ್ "ಇವತ್ತು ಇಡೀ ಸವಣೂರ ನನ್ನ ಗಾಡ್ಯಾಗ ಐತಿ" ಅನ್ನುತ್ತಿದ್ದ. ಸಾಹೇಬರು ಯಾವ ಊರಿಗೆ ಹೋದರೂ ಮನೆಯ ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. ಜನ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕಾಯುತ್ತಿರುವಾಗ ಅವರು ಹಿತ್ತಲಿನಿಂದ ಕೈ ಕೆಸರು ಮಾಡಿಕೊಂಡು ಬರುತ್ತಿದ್ದರು. ಗುಡ್ಡ ಕಡಿದು ಹಿತ್ತಲು ಹಿಗ್ಗಿಸಿದ್ದಾರೆಯೇ, ಕಡಿದ ಮೇಲಂಚಿನಲ್ಲಿ ಬಿರುಕು ಬಿಟ್ಟಿದೆಯೇ, ಗಿಡಗಳು ವಾಲಿವೆಯೇ, ಒಸರುವ ನೀರು ತಿಳಿಯಾಗಿದೆಯೋ ಕದಡಿದೆಯೋ, ಇವು ಅವರು ನೋಡುತ್ತಿದ್ದ ಸಂಗತಿಗಳು. ಆಮೇಲೆ ಚಹಾ ಕುಡಿಯುತ್ತ ಮನೆಯವರಿಗೆ ತಿಳಿಸಿ ಹೇಳುವರು.

"ಒಗದ ಕೌದಿ ನೋಡೀರಲ್ಲ? ಒಣಗಿದ್ದಾಗ ಹಗ್ಗದ ಮ್ಯಾಲ ಸುಮ್ನ ಕುಂತಿರ್ತೈತಿ. ನೀರು ಹಿಡಕೊಂಡ್ರ ತನ್ನ ಭಾರಕ್ಕ ತಾನ ಜಾರತೈತಿ. ನಿಮ್ಮ ಹಿತ್ತಲ ಮಣ್ಣೂ ಹಂಗರಿ."

ಆಗ ನಮ್ಮ ಲೆಕ್ಕ ಸರಳವಾಗಿತ್ತು. ಒಂದು ದಿನದಲ್ಲಿ ಮಳೆ ಇಂತಿಷ್ಟು ದಾಟಿದರೆ ಎಚ್ಚರಿಕೆ ಕೊಡಬೇಕು. ಆ ಮಿತಿಯನ್ನು ಘಟ್ಟದ ಕಡೆಯ ಅನುಭವದಿಂದ ತಂದಿದ್ದೆವು. ಮಳೆಮಾಪಕಗಳೂ ದೂರ ದೂರ. ಶಿಗ್ಗಾವಿಯ ಮಾಪಕ ಒಣಗಿ ನಿಂತಿರುವಾಗ ಆಡೂರಿನ ಆಚೆ ಹಳ್ಳ ತುಂಬಿ ಹರಿದ ಸುದ್ದಿ ಬರುತ್ತಿತ್ತು. ಇದ್ದುದರಲ್ಲೇ ಕೆಲಸ ಮಾಡುತ್ತಿದ್ದೆವು.

ನಾನು ಸ್ವತಃ ಬರೆದ ಮೊದಲ ಎಚ್ಚರಿಕೆ ಹಾನಗಲ್ಲ ತಾಲೂಕಿನ ಪಶ್ಚಿಮ ಅಂಚಿನ ಒಂದು ಕೇರಿಗೆ. ಊರವರು ಅದನ್ನು ಗುಡ್ಡದೋಣಿ ಎಂದು ಕರೆಯುತ್ತಿದ್ದರು. ಓಣಿಯ ಒಂದು ಬದಿಯ ಮನೆಗಳ ಬೆನ್ನಿಗೆ ಗುಡ್ಡ, ಎದುರು ಬದಿಯ ಮನೆಗಳ ಬೆನ್ನಿಗೆ ಗದ್ದೆ. ಮುಂಗಾರಿನ ಮೊದಲ ದೊಡ್ಡ ಮಳೆ ಒಂದೇ ದಿನದಲ್ಲಿ ನಮ್ಮ ಮಿತಿಯನ್ನು ದಾಟಿತು. ಗುಡ್ಡದ ಬದಿಯವರನ್ನೆಲ್ಲ ಊರ ಶಾಲೆಗೆ ಕಳಿಸಿದೆವು. ಅವರಲ್ಲಿ ಶಾಂತವ್ವ ಎಂಬ ಹೆಂಗಸಿನ ಮಗಳು ರೇಣುಕಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಶಾಂತವ್ವ ಮನೆಯ ಹಿಂದಿನ ಕೋಣೆಯನ್ನು ಸಾರಿಸಿ, ಗಾಳಿ ಬಾರದಂತೆ ಕಿಟಕಿಗೆ ಗೋಣಿ ಕಟ್ಟಿ, ಬಾಣಂತನಕ್ಕೆ ಸಿದ್ಧ ಮಾಡಿಟ್ಟಿದ್ದಳು. ಅದನ್ನೆಲ್ಲ ಬಿಟ್ಟು ತುಂಬು ಬಸುರಿಯನ್ನು ನಡೆಸಿಕೊಂಡು ಮಳೆಯಲ್ಲಿ ಹೋದಳು.

ಗುಡ್ಡ ಅಲುಗಾಡಲಿಲ್ಲ. ಮಳೆ ನಿಂತು ಬಿಸಿಲು ಬಂತು. ಶಾಲೆಯ ಹಸಿ ನೆಲದಲ್ಲಿ ಮಲಗಿದ್ದ ರೇಣುಕಾಳಿಗೆ ಮಾತ್ರ ಜ್ವರ ಬಂತು. ನಮ್ಮ ಜೀಪಿನಲ್ಲೇ ಹಾನಗಲ್ಲ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿಯುವವರೆಗೆ ಶಾಂತವ್ವ ನನ್ನ ಮುಖ ನೋಡಲಿಲ್ಲ. ಕೊನೆಗೆ ಅಲ್ಲೇ ಹೆರಿಗೆಯಾಗಿ ತಾಯಿ, ಹೆಣ್ಣುಕೂಸು ಇಬ್ಬರೂ ಚೆನ್ನಾಗಿದ್ದಾರೆಂದು ತಿಳಿದಾಗ ನಾನು ಆಸ್ಪತ್ರೆಯ ನಲ್ಲಿಯ ಬಳಿ ಹೋಗಿ ಮುಖ ತೊಳೆದುಕೊಂಡೆ.

ಇಂಥ ಹೊತ್ತಿನಲ್ಲಿ ಕಚೇರಿಯಿಂದ ಒಂದು ವಿವರಣೆ ಕಳಿಸಿ ಸುಮ್ಮನಾಗುವುದು ರೂಢಿ. ಮುನೀರ್ ಸಾಹೇಬರು ನನ್ನನ್ನು ಕರೆದುಕೊಂಡು ಗುಡ್ಡದೋಣಿಗೆ ಹೋದರು. ಶಾಂತವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಸಾಹೇಬರು ನೆಲದ ಮೇಲೆ ಕುಳಿತರು.

"ನಮ್ಮ ಲೆಕ್ಕ ತಪ್ಪಿತವ್ವಾ," ಅಂದರು. "ನಿನ್ನ ಮಗಳಿಗೆ ತ್ರಾಸಾತು."

ಅವಳು ಮೊರ ಕೆಳಗಿಡಲಿಲ್ಲ. "ಮತ್ತ ಮಳಿ ಬಂದ್ರ ಮತ್ತ ಹೋಗ ಅಂತೀರೇನ್ರಿ?"

"ಅಂತೇನಿ. ಅನ್ನಲೇಬೇಕು."

"ನಾ ಹೋಗಂಗಿಲ್ಲರಿ. ಈಗ ಹೇಳಿಬಿಟ್ಟೇನಿ."

"ಆತು. ನೀ ಹೋಗದಿದ್ರೂ ನಾವು ಬರೂದು ಬಿಡಂಗಿಲ್ಲ."

ಆಮೇಲೆ ಅವಳು ಚಹಾ ಕೊಟ್ಟಳು.

ಆ ಎಚ್ಚರಿಕೆಯ ಪ್ರತಿಯನ್ನು ಅಪ್ಪನಿಗೆ ತೋರಿಸಿದ್ದೆ. 'ಕುಸಿತದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ' ಎಂದು ಬರೆದಿದ್ದೆ. ವ್ಯಾಕರಣ ಕಲಿಸಿ ಮುಪ್ಪಾದ ಜೀವ. ಕನ್ನಡಕ ಏರಿಸಿ ಓದಿದರು. "ತಳ್ಳಿಹಾಕೋರು ಯಾರವಾ ಇದರಾಗ? ಓದಿದವರು ಏನು ಮಾಡಬೇಕು? ಅದಕ್ಕೊಂದು ಕ್ರಿಯಾಪದನ ಇಲ್ಲಲಾ," ಅಂದರು. ನನಗೆ ಸಿಟ್ಟು ಬಂತು. ಅವರ ಮಾತಿನ ತೂಕ ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಗುಡ್ಡ ಯಾಕೆ ಬೀಳಲಿಲ್ಲ ಎಂಬುದನ್ನು ಮಾತ್ರ ಬೇಗ ಕಂಡುಕೊಂಡೆವು. ಶಾಂತವ್ವನ ಹಿತ್ತಲಿನ ಮೇಲಿನ ಇಳಿಜಾರಿನಲ್ಲಿ ಗುಂಡಿ ತೆಗೆದು ನೋಡಿದರೆ ಮೊಣಕೈ ಆಳದವರೆಗೆ ಮಾತ್ರ ಹಸಿ. ಅದರ ಕೆಳಗೆ ಬೇಸಿಗೆಯ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು. ಘಟ್ಟದ ಮಣ್ಣು ಬೇಗ ತಣಿಯುತ್ತದೆ. ನಮ್ಮದಕ್ಕೆ ಬಾಯಾರಿಕೆ ಹೆಚ್ಚು. ಮೊದಲ ಮಳೆ ಎಷ್ಟೇ ಸುರಿಯಲಿ, ಕುಡಿದು ಸುಮ್ಮನಿರುತ್ತದೆ. ಅಪಾಯವಿರುವುದು ದಿನಗಟ್ಟಲೆ ಜಿಟಿಜಿಟಿ ಹಿಡಿದು, ತಳದವರೆಗೆ ನೆನೆದ ಮೇಲೆ ಬೀಳುವ ಒಂದು ಜೋರು ಮಳೆಯಲ್ಲಿ. ಆ ಮಳೆ ಒಂದು ತಾಸು ಬಂದರೂ ಸಾಕು. ಅಂದಿನಿಂದ ಇಂದಿನ ಮಳೆಯ ಜೊತೆ ಹಿಂದಿನ ವಾರಗಳ ಮಳೆಯನ್ನೂ ಲೆಕ್ಕಕ್ಕೆ ಹಿಡಿದೆವು.

ಮಣ್ಣಿನ ಹಸಿಯನ್ನು ಅಳೆದು ಕಚೇರಿಗೆ ತಾನೇ ತಿಳಿಸುವ ಸಾಧನ ಬಂದಾಗ ಒಂದನ್ನು ಶಾಂತವ್ವನ ಹಿತ್ತಲಲ್ಲೇ ಹುಗಿದೆವು. ಸಗಣಿಯ ಕುಳ್ಳು ತಟ್ಟುವ ಜಾಗಕ್ಕೆ ವೈರು ಬರಕೂಡದು ಎಂಬ ಷರತ್ತಿನ ಮೇಲೆ ಒಪ್ಪಿದ್ದಳು. ಒಮ್ಮೆ ಚಳಿಗಾಲದಲ್ಲಿ ಆ ಸಾಧನ ದಿನಾ ಬೆಳಿಗ್ಗೆ ಮಣ್ಣು ನೆನೆದಿದೆ ಎಂದು ತೋರಿಸತೊಡಗಿತು. ಆಕಾಶದಲ್ಲಿ ಮೋಡವಿಲ್ಲ. ಗುಡ್ಡದೊಳಗೆ ಹೊಸ ಸೆಲೆ ಒಡೆದಿರಬೇಕೆಂದು ನಾವೆಲ್ಲ ಗಂಭೀರವಾಗಿ ಚರ್ಚಿಸಿ, ಧಾರವಾಡದಿಂದ ಪ್ರಾಧ್ಯಾಪಕರೊಬ್ಬರನ್ನು ಕರೆತಂದೆವು. ಹೋಗಿ ನೋಡಿದರೆ ಶಾಂತವ್ವ ಅಲ್ಲೇ ನಿಂತು ಎಮ್ಮೆಯ ಮೈ ತೊಳೆಯುತ್ತಿದ್ದಳು.

"ವೈರು ಸರಿಸಬ್ಯಾಡ ಅಂದಿದ್ರಿ. ಎಮ್ಮಿ ತೊಳಿಬ್ಯಾಡ ಅಂದಿದ್ದಿಲ್ಲಲ್ರಿ," ಅಂದಳು. ನನ್ನೊಂದಿಗೆ ಅವಳು ಮೊದಲ ಸಲ ನಕ್ಕಿದ್ದು ಅಂದು. ಪ್ರಾಧ್ಯಾಪಕರೂ ನಕ್ಕರು. ಸಾಧನವನ್ನು ಇನ್ನಷ್ಟು ಮೇಲಕ್ಕೆ ಹುಗಿದೆವು.

ಮುನೀರ್ ಸಾಹೇಬರು ನಿವೃತ್ತರಾದ ನಂತರದ ಮಳೆಗಾಲದಲ್ಲಿ ಹಿರೇಕೆರೂರು ಕಡೆಯಿಂದ ಫೋನು ಬಂತು. ಹಂಸಭಾವಿಯಿಂದ ಒಳಗೆ, ಒಂದು ದಿಬ್ಬದ ಬುಡದಲ್ಲಿದ್ದ ಕುರಿದೊಡ್ಡಿಯ ಮೇಲೆ ಮಣ್ಣು ಬಿದ್ದಿತ್ತು. ನಮ್ಮ ಲೆಕ್ಕದ ಪ್ರಕಾರ ಅಲ್ಲಿ ಬೀಳುವಷ್ಟು ಮಳೆಯೇ ಆಗಿರಲಿಲ್ಲ. ನೋಡಿದರೆ ರಸ್ತೆಗೆಂದು ಯಾರೋ ದಿಬ್ಬದ ಬುಡವನ್ನೇ ಅಗೆದು ಗರಸು ಮಣ್ಣು ಒಯ್ದಿದ್ದರು. ಕುರಿಗಳ ಒಡೆಯ ಬೀರಪ್ಪ ಮಣ್ಣಿನಿಂದ ಬದುಕಿ ಬಂದ ಒಂದು ಮರಿಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಕುಳಿತಿದ್ದ.

"ನಿಮಗ ಮೊದಲ ಗೊತ್ತಾಗ್ತೈತಂತಲ್ಲರಿ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯಬೇಕೆಂದು ಕೇಳಿದ.

"ಇದು ಗೊತ್ತಾಗಲಿಲ್ಲರಿ," ಅಂದೆ.

ಅವನು ತಲೆಯಾಡಿಸಿ, ಮರಿಗೆ ಹಾಲು ಕುಡಿಸಲು ಇನ್ನೊಬ್ಬರ ಕುರಿಯನ್ನು ಹುಡುಕಿಕೊಂಡು ಹೊರಟ. ಅವನ ಜೊತೆ ಅಬಲೂರಿನ ದಾರಿಯಲ್ಲಿ ಬಹಳ ದೂರ ನಡೆದೆ.

ಆ ವರ್ಷ ನಮ್ಮ ಕಚೇರಿಗೆ ಸೇರಿದ ನಾಲ್ಕೂ ತಾಲೂಕುಗಳಲ್ಲಿ ಮನುಷ್ಯರು ಗುಡ್ಡ ಕಡಿದ ಜಾಗಗಳನ್ನು ನಡೆದು ನೋಡಿ ಗುರುತು ಮಾಡಿದೆವು. ಸವಣೂರಿನ ಬಯಲಿನಲ್ಲಿ ಸಿಕ್ಕಿದ್ದು ಕೆಲವು ಹಳ್ಳದ ದಂಡೆ, ಕೆರೆಯ ಏರಿ. ಹೆಚ್ಚಿನವು ಹಾನಗಲ್ಲದವು. ಗುಡ್ಡದೋಣಿಯಲ್ಲಿ ಶಾಂತವ್ವನ ಗಂಡ ನಿಂಗಪ್ಪ ಕೊಟ್ಟಿಗೆ ಹಿಗ್ಗಿಸಲು ಗುಡ್ಡವನ್ನು ಇನ್ನಷ್ಟು ಕಡಿದಿದ್ದ. ಮಣ್ಣನ್ನು ಓಣಿಗೆ ಸುರಿದಿದ್ದರಿಂದ ಮಳೆನೀರು ತಿರುಗಿ ಎದುರು ಮನೆಯ ಅಂಗಳಕ್ಕೆ ನುಗ್ಗಿತ್ತು. ಆ ಮನೆ ಅವನ ತಮ್ಮನದು. ತಮ್ಮನ ಹೆಂಡತಿ ಕಾಶವ್ವನಿಗೂ ಶಾಂತವ್ವನಿಗೂ ಅಂದಿನಿಂದ ಮಾತಿಲ್ಲ. ಇದನ್ನು ನಾನು ಕೇಳಿದ್ದೆ, ಆದರೆ ನಮ್ಮ ಕೆಲಸಕ್ಕೆ ಸಂಬಂಧಿಸಿದ್ದು ಅಂದುಕೊಂಡಿರಲಿಲ್ಲ.

ಮುಂದೆ ಕಂಪ್ಯೂಟರ್ ಬಂತು. ಉಪಗ್ರಹ ಅಳೆದ ಮಳೆ, ಇಳಿಜಾರು, ಮಣ್ಣು ಎಲ್ಲ ಸೇರಿಸಿ ಲೆಕ್ಕ ಹಾಕಿದ ಬಣ್ಣದ ನಕ್ಷೆ ದಿನಾ ಬೆಳಿಗ್ಗೆ ಬರತೊಡಗಿತು. ಅದನ್ನು ಹೀಗಳೆಯುವ ಹಳಬರ ಪೈಕಿ ನಾನಲ್ಲ. ಊರೂರಿಗೆ ಫೋನು ಮಾಡಿ ಮಳೆ ಕೇಳುತ್ತಿದ್ದ ನಮಗೆ ಅದು ದೊಡ್ಡ ಆಸರೆಯಾಯಿತು. ಆದರೆ ಅಷ್ಟು ಎತ್ತರದಿಂದ ನೋಡುವ ಕಣ್ಣಿಗೆ ಒಂದು ಮನೆಯ ಹಿಂದೆ ಕಡಿದ ಆಳೆತ್ತರದ ಮಣ್ಣುಗೋಡೆ ಕಾಣುವುದಿಲ್ಲ.

ನನ್ನ ನೌಕರಿಯ ಕೊನೆಯ ವರ್ಷಗಳ ಒಂದು ಶ್ರಾವಣ. ದಿನಗಟ್ಟಲೆ ಜಿಟಿಜಿಟಿ ಹಿಡಿದಿತ್ತು. ಬಟ್ಟೆ ಒಣಗುತ್ತಿರಲಿಲ್ಲ, ಉಪ್ಪು ನೀರಾಗಿತ್ತು. ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಶಾಂತವ್ವನ ಹಿತ್ತಲ ಸಾಧನ ಮಣ್ಣು ತಳದವರೆಗೆ ನೆನೆದಿದೆ ಎನ್ನುತ್ತಿತ್ತು. ಹವಾಮಾನದವರು ಮಧ್ಯಾಹ್ನ ಜೋರು ಮಳೆ ಎಂದಿದ್ದರು. ನಕ್ಷೆ ಮಾತ್ರ ಹಾನಗಲ್ಲ ತಾಲೂಕಿಗೆ ಅಪಾಯವಿಲ್ಲವೆಂಬ ಹಸಿರು ಬಣ್ಣವನ್ನೇ ಹಚ್ಚಿತ್ತು. ಆಗಿನ ಮೇಲಧಿಕಾರಿ ಪಾಟೀಲರು, ನನಗಿಂತ ಚಿಕ್ಕವರು, ನಕ್ಷೆಯನ್ನೂ ಸಾಧನದ ಗೆರೆಯನ್ನೂ ಬಹಳ ಹೊತ್ತು ನೋಡಿದರು.

"ಗುಡ್ಡದೋಣಿಯ ಇಷ್ಟ ಮನಿಗಳಿಗೆ ಅಂತ ಬ್ಯಾರೆ ಎಚ್ಚರಿಕಿ ಕೊಡೂಣು ಅಂತೀರಿ. ನಾಳೆ ಬೀಳಲಿಲ್ಲಂದ್ರ ಹಬ್ಬದಾಗ ಎಬ್ಬಿಸಿದ್ರು ಅಂತ ಬೈತಾರ. ಯಾರು ಹೋಗಿ ಉತ್ತರಾ ಕೊಡೋರು?"

"ನಾ ಹೋಗಿ ಕೂಡ್ತೇನಿ ಸರ್."

ಅವರು ಸಹಿ ಮಾಡಿದರು. "ಮೊದಲ ಹೋಗ್ರಿ ಹಂಗಾರ. ಬೈಸ್ಕೊಂಡ ಮ್ಯಾಲ ಯಾಕ," ಅಂದರು.

ಗುಡ್ಡದೋಣಿ ಮುಟ್ಟಿದಾಗ ಊಟದ ಹೊತ್ತು. ಪಂಚಾಯಿತಿಯವರು ಹೇಳಿದ್ದರಿಂದ ಕೆಲವರು ಆಗಲೇ ಶಾಲೆಗೆ ಹೊರಟಿದ್ದರು. ಶಾಂತವ್ವನ ಗಂಡ ಹಾನಗಲ್ಲಕ್ಕೆ ಹೋಗಿದ್ದ. ರೇಣುಕಾ ಪಂಚಮಿಗೆ ತವರಿಗೆ ಬಂದಿದ್ದಳು. ಅವಳ ಮಗಳು, ಅಂದು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು, ಈಗ ಶಾಲೆಗೆ ಹೋಗುವ ಹುಡುಗಿ, ಪಡಸಾಲೆಯ ಜೋಕಾಲಿಯಲ್ಲಿ ಆಡಿ ಸಾಕಾಗಿ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ನಾನು ಮೊದಲು ಹಿತ್ತಲಿಗೆ ಹೋದೆ. ಕಡಿದ ಅಂಚಿನ ಮೇಲೆ ಕೈ ಹೋಗುವಷ್ಟು ಬಿರುಕು. ಬುಡದಲ್ಲಿ ಒಸರುವ ನೀರು ಕೆಂಪಗೆ ಕದಡಿ ಬರುತ್ತಿತ್ತು.

ಒಳಗೆ ಶಾಂತವ್ವ ಒಲೆಯ ಮುಂದೆ ಬೆಲ್ಲದ ಪಾಕ ತಿರುವುತ್ತಿದ್ದಳು. ಪಕ್ಕದಲ್ಲಿ ಹುರಿದ ಎಳ್ಳು.

"ಶಾಂತವ್ವಾ, ಇವತ್ತು ಇಲ್ಲಿ ಇರಬ್ಯಾಡ್ರಿ. ಹಿತ್ತಲದಾಗ ನೀರು ಕೆಂಪಾಗೇತಿ. ಏಳ್ರಿ."

"ಸಾಲಿಗೆ ನಾ ಬರಂಗಿಲ್ಲರಿ ಬಾಯಾರ. ಅವತ್ತ ಹೇಳೇನಿ."

"ಸಾಲಿ ಬ್ಯಾಡ. ಎದುರಿಗೆ ಕಾಶವ್ವನ ಮನಿಯೊಳಗ ಕುಂಡ್ರೂಣು. ಅಲ್ಲಿಗೆ ಮಣ್ಣು ಬರಂಗಿಲ್ಲ."

ಅವಳು ಸೌಟು ನಿಲ್ಲಿಸಿದಳು. "ಅಕಿ ಹೊಸ್ತಿಲಾ? ನಾನಾ?" ಮತ್ತೆ ತಿರುವತೊಡಗಿದಳು. "ಪಾಕ ಹಿಡದೈತಿ. ಈಗ ಬಿಟ್ರ ಕಲ್ಲಾಗತೈತಿ. ಹಬ್ಬದ ಉಂಡಿ ಆದ ಮ್ಯಾಲ ನೋಡೂಣು."

ಹೆದರಿಸುವ ಮಾತುಗಳು ನನ್ನ ಬಳಿ ಇದ್ದವು. ಅವನ್ನು ಅವಳು ಹಿಂದೊಮ್ಮೆ ನಂಬಿದ್ದಳು. ಮಗುವನ್ನು ಎಬ್ಬಿಸಿಕೊಂಡು ಮುಂದಿನ ಕಟ್ಟೆಗೆ ಹೋಗು, ಎಮ್ಮೆಯನ್ನು ಬಿಚ್ಚಿ ಓಣಿಯಲ್ಲಿ ಕಟ್ಟು ಎಂದು ರೇಣುಕಾಳಿಗೆ ಹೇಳಿದೆ. ಅವಳು ಕೂಡಲೇ ಎದ್ದು ಎರಡನ್ನೂ ಮಾಡಿದಳು. ಶಾಂತವ್ವ ಕೂತಲ್ಲೇ ಕೂತಿದ್ದಳು. ನಾನು ಓಣಿ ದಾಟಿ ಕಾಶವ್ವನ ಬಾಗಿಲಿಗೆ ಹೋದೆ. ಮಳೆ ದಪ್ಪ ಹನಿಯಾಗುತ್ತಿತ್ತು.

ಕಾಶವ್ವ ಹೊಸ್ತಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. "ನಿಮ್ಮ ನೆಗೆಣ್ಣಿ ಬರವಲ್ಲರು," ಅಂದೆ, "ನೀವು ಕರದ್ರ ಬಂದಾರು."

ಅವಳು ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಓಣಿಗಿಳಿದಳು. ಮಾತು ಬಿಟ್ಟ ಮೇಲೆ ದಾಟದ ಆ ಬಾಗಿಲನ್ನು ದಾಟಿ ಸೀದಾ ಒಲೆಯ ಬಳಿಗೆ ಹೋದಳು. ಸೆರಗಿನಿಂದ ಪಾತ್ರೆಯ ಕಿವಿ ಹಿಡಿದು ಪಾಕವನ್ನು ಎತ್ತಿಕೊಂಡಳು.

"ನನ್ನ ಒಲಿ ಮ್ಯಾಲೂ ಹಿಡೀತೈತಿ ಇದು," ಅಂದಳು. "ಎಳ್ಳು ತಗೊಂಡು ಬಾ." ಅಷ್ಟು ಹೇಳಿ ತಿರುಗಿ ನೋಡದೆ ಹೊರಟಳು.

ಶಾಂತವ್ವ ಒಂದು ಗಳಿಗೆ ಬರಿದಾದ ಒಲೆಯನ್ನು ನೋಡಿದಳು. ಆಮೇಲೆ ಎಳ್ಳಿನ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದಳು. ನಾನು ಅವಳ ಹಿಂದೆ ನಡೆದೆ. ಕಟ್ಟೆಯ ಮೇಲಿದ್ದ ರೇಣುಕಾಳೂ ಮಗುವೂ ನಮ್ಮ ಜೊತೆ ಓಣಿ ದಾಟಿದರು.

ಪಾಕಕ್ಕೆ ಎಳ್ಳು ಬೆರೆಸಿ ಓರಗಿತ್ತಿಯರಿಬ್ಬರೂ ಉಂಡೆ ಕಟ್ಟುತ್ತಿರುವಾಗ ಮಳೆ ಒಮ್ಮೆಲೇ ಸುರಿಯಿತು. ಎದುರಿನ ಮನೆ ಕಾಣದಷ್ಟು ಸುರಿಯಿತು. ಆಮೇಲೆ, ತೊಯ್ದ ಚೀಲಗಳನ್ನು ಗಾಡಿಯಿಂದ ಒಟ್ಟಿಗೆ ಕೆಡವಿದಂಥ ಸದ್ದು. ದೊಡ್ಡ ಸದ್ದೇನಲ್ಲ. ಮಳೆ ತೆಳುವಾದಾಗ ನೋಡಿದರೆ ಶಾಂತವ್ವನ ಮನೆಯ ಮುಂದಿನ ಕಟ್ಟೆ, ಬಾಗಿಲು, ಜೋಕಾಲಿ ಹಾಗೆಯೇ ಇದ್ದವು. ಹಿಂಭಾಗದ ಹೆಂಚುಗಳು ಇರಲಿಲ್ಲ. ಕೊಟ್ಟಿಗೆ, ಅಡುಗೆಯ ಒಲೆ, ಹಿಂದಿನ ಕೋಣೆ ಮಣ್ಣಿನೊಳಗಿದ್ದವು. ಗುಡ್ಡದ ಒಂದು ಗಿಡ ನೆಟ್ಟಗೆ ನಿಂತಂತೆಯೇ ಜಾರಿಬಂದು ಒಲೆಯಿದ್ದಲ್ಲಿ ನಿಂತಿತ್ತು.

ರೇಣುಕಾ ಮಗುವನ್ನು ಅವುಚಿಕೊಂಡು ಗೋಡೆಗೆ ಮುಖಮಾಡಿದಳು. ಶಾಂತವ್ವ ಅಳಲಿಲ್ಲ. ಅವಳ ಅಂಗೈಯಲ್ಲಿದ್ದ ಎಳ್ಳು ಉದುರುತ್ತಿತ್ತು. ಮತ್ತೆ ಮತ್ತೆ ಆರಿಸಿ ಉಂಡೆ ಕಟ್ಟಲು ನೋಡುತ್ತಿದ್ದಳು. ಕಾಶವ್ವ ತನ್ನ ಕೈಯನ್ನು ಅವಳ ಕೈಯ ಕೆಳಗೆ ಹಿಡಿದಳು.

"ನೀರು ನಿನ್ನ ಅಂಗಳಕ್ಕ ಬಿಟ್ಟಿದ್ದೆ," ಅಂದಳು ಶಾಂತವ್ವ.

"ಹೌದು, ಬಿಟ್ಟಿದ್ದಿ," ಅಂದಳು ಕಾಶವ್ವ. "ಉಂಡಿ ಕಟ್ಟು. ಆರತೈತಿ."

ಲೆಕ್ಕ ಸರಿಯಾಯಿತೆಂಬ ಸಂತೋಷ ನನಗೆ ಬರಲಿಲ್ಲ. ಕೂತು, ಅವರು ಕೊಟ್ಟ ಬಿಸಿ ಉಂಡೆ ತಿಂದೆ.

ನಿಂಗಪ್ಪನ ಸಂಸಾರ ದೀಪಾವಳಿಯವರೆಗೆ ಕಾಶವ್ವನ ಮನೆಯಲ್ಲೇ ಇತ್ತು. ಪಾಟೀಲರು ಓಡಾಡಿ ಗುಡ್ಡದ ನೀರು ಬದಿಗೆ ಹೋಗುವಂತೆ ಮೇಲೆ ಕಾಲುವೆ ತೆಗೆಸಿದರು. ಮನೆಯ ಹಿಂಗೋಡೆಯನ್ನು ಮುಂದಕ್ಕೆ ಸರಿಸಿ ಕಟ್ಟಿದರು. ಆ ಮಳೆಗಾಲದ ನಂತರ ನಮ್ಮ ಕೆಲಸದ ರೀತಿಯೇ ಬದಲಾಯಿತು. ಗುರುತು ಮಾಡಿದ ಪ್ರತಿ ಮನೆಗೂ ಬೇಸಿಗೆಯಲ್ಲೇ ಹೋಗಿ "ಮಳಿ ಜೋರಾದ್ರ ಯಾರ ಮನಿಗೆ ಹೋಗ್ತೀರಿ?" ಎಂದು ಕೇಳಿದೆವು. ಈ ಪ್ರಶ್ನೆಗೆ ಸುಮ್ಮನಾದವರೇ ಹೆಚ್ಚು. ಒಬ್ಬರಿಗೆ ಪಕ್ಕದ ಮನೆಯ ಜೊತೆ ಬದುವಿನ ಜಗಳ, ಇನ್ನೊಬ್ಬಳಿಗೆ ಎದುರಿನ ಮನೆ ಸೊಸೆಯ ತವರೆಂಬ ಸಂಕೋಚ. ಅಲ್ಲೇ ಕುಳಿತು ಮಾತಾಡಿ, ಒಂದು ಹೊಸ್ತಿಲು ನಿಕ್ಕಿ ಮಾಡಿಕೊಂಡು ಏಳುತ್ತಿದ್ದೆವು. ನಮ್ಮ ಎಚ್ಚರಿಕೆಯಲ್ಲಿ ಈಗ 'ಹಿಂದಿನ ಕೋಣೆ ಬಿಡಿ, ಇಂಥವರ ಮನೆಗೆ ಹೋಗಿ' ಎಂದಿರುತ್ತದೆ. ಹೊಸಬರಿಗೆ ನಾನು ಹೇಳಬೇಕಾದದ್ದು ಇದೇ. ಮಣ್ಣು ಎಷ್ಟು ನೀರು ಹಿಡಿಯುತ್ತದೆಂದು ಕಲಿಯಿರಿ; ಯಾವ ಮನೆಯವರು ಯಾವ ಬಾಗಿಲು ತಟ್ಟಬಲ್ಲರು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ತಿಳಿದುಕೊಳ್ಳಿ.

ಮುನೀರ್ ಸಾಹೇಬರಿಗೆ ಇದನ್ನೆಲ್ಲ ಹೇಳಲು ಸವಣೂರಿನ ಅವರ ಮನೆಗೆ ಹೋಗಿದ್ದೆ. ಕಿವಿ ಮಂದವಾಗಿತ್ತು; ಗಟ್ಟಿಯಾಗಿ ಹೇಳಬೇಕಾಯಿತು. ಮಗಳು, ಮೊಮ್ಮಗಳು, ಎಮ್ಮೆ ಎಲ್ಲರನ್ನೂ ಒಬ್ಬೊಬ್ಬರಾಗಿ ವಿಚಾರಿಸಿ, ಕೊನೆಗೆ "ಕಾಶವ್ವಗ ನನ್ನ ಸಲಾಮು ಹೇಳ್ರಿ," ಅಂದರು. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಸಲಾಮನ್ನು ಮುಟ್ಟಿಸಿದ್ದೆ.

ಹೋದ ವರ್ಷ, ನಾನು ನಿವೃತ್ತಳಾದ ಮೇಲಿನ ಮೊದಲ ಮಳೆಗಾಲ. ಸವಣೂರಿನಲ್ಲಿ ಬರೀ ಮೋಡ. ಮಧ್ಯಾಹ್ನ ಫೋನು ಬಂತು. ಶಾಂತವ್ವ.

"ಬಾಯಾರ, ಇಲ್ಲಿ ಭಾಳ ಮಳಿ ಆಗಾಕತ್ತೈತಿ."

ನನ್ನ ಮುಂದೆ ಈಗ ಸಾಧನದ ಗೆರೆಯಿಲ್ಲ, ನಕ್ಷೆಯಿಲ್ಲ. "ನಾ ಈಗ ಕೆಲಸದಾಗಿಲ್ಲ ಶಾಂತವ್ವಾ. ಆಫೀಸಿನ ನಂಬರ್ ಕೊಡ್ತೇನಿ, ಅವರನ್ನ ಕೇಳ್ರಿ. ಮೊದಲ ಮನಿ ಬಿಡ್ರಿ."

"ಕೇಳಾಕಲ್ಲರಿ ಫೋನ್ ಮಾಡಿದ್ದು," ಅಂದಳು. ಅವಳ ಹಿಂದೆ ಮಳೆಯ ಸದ್ದು, ಪಾತ್ರೆಗಳ ಸದ್ದು, ಯಾರೋ ನಗುತ್ತಿದ್ದ ಸದ್ದು. "ಹಿತ್ತಲದಾಗ ನೀರು ಸ್ವಲ್ಪ ಕೆಂಪಾಗಿತ್ತು. ಆಫೀಸಿನವರು ಹೇಳೂಕಿಂತ ಮೊದಲ ಎಲ್ಲಾರೂ ಕಾಶವ್ವನ ಮನಿಗೆ ಬಂದು ಕುಂತೇವಿ. ನೀವು ಅಲ್ಲಿ ಒಬ್ಬರ ಕುಂತು ಚಿಂತಿ ಮಾಡ್ತೀರಿ, ಅದಕ್ಕ ಹೇಳಿದ್ನಿ."

"ಗುಡ್ಡ?"

"ಬಿದ್ದಿಲ್ಲರಿ. ಬೀಳದಿದ್ರ ಸಂಜಿಕ ಮನಿಗೆ ಹೋಗ್ತೇವಿ. ಈಗ ಊಟಕ್ಕ ಕುಂತೇವಿ. ನಿಮ್ಮ ಊಟ ಆತೇನ್ರಿ?"